ಸೂರಿನ ಅಳತೆ: ಮಲೆನಾಡಿನ ಸ್ಥಳೀಯ ಸಂಸ್ಥೆಗಳಿಗೆ ಹಸಿರು ಕಟ್ಟಡ ನಿಯಮ

ಶಿವಮೊಗ್ಗದಲ್ಲಿ ಸ್ಥಳೀಯ ಸಂಸ್ಥೆಗಳ ಸದಸ್ಯರು, ಕಿರಿಯ ಎಂಜಿನಿಯರುಗಳು ಮತ್ತು ಕಟ್ಟಡ ಮೇಸ್ತ್ರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.

ಮೊದಲು ಒಂದು ಮನೆಯ ನಕ್ಷೆಯ ವಿಷಯ ಹೇಳಿ ಮುಂದಕ್ಕೆ ಹೋಗುತ್ತೇನೆ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಕುಟುಂಬಕ್ಕೆ ನಾನು ನಕ್ಷೆ ಮಾಡಿಕೊಟ್ಟಿದ್ದೆ. ಜಂಬಿಟ್ಟಿಗೆಯ ಗೋಡೆ, ಅದರ ಮೇಲೆ ಆರ್‌ಸಿಸಿ ತಾರಸಿ, ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಹಂಚಿನ ಮಾಡು, ಆ ಮಾಡಿನ ಸೂರು ಗೋಡೆಯಿಂದ ನಾಲ್ಕು ಅಡಿ ಹೊರಕ್ಕೆ. ಮಳೆ ನೇರವಾಗಿ ಬೀಳದೆ ಗಾಳಿಯೊಡನೆ ಅಡ್ಡಲಾಗಿ ಬಂದು ಇರಚಲು ಹೊಡೆಯುವ ಊರಿನಲ್ಲಿ ಸೂರನ್ನು ಇದಕ್ಕಿಂತ ಚಿಕ್ಕದು ಮಾಡುವುದು ತಪ್ಪು ಎಂದು ಅಲ್ಲಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ನಕ್ಷೆ ಅನುಮೋದನೆಗೆ ಹೋಗಿ ಎರಡು ಆಕ್ಷೇಪಣೆಗಳೊಂದಿಗೆ ಹಿಂದಕ್ಕೆ ಬಂತು. ಸೂರು ಸೆಟ್‌ಬ್ಯಾಕಿನ ಜಾಗಕ್ಕೆ, ಅಂದರೆ ನಿವೇಶನದ ಅಂಚಿನಲ್ಲಿ ಖಾಲಿ ಬಿಡಬೇಕಾದ ಜಾಗಕ್ಕೆ, ಚಾಚಿಕೊಂಡಿದೆ, ಆದ್ದರಿಂದ ಅದನ್ನು ಎರಡೂವರೆ ಅಡಿಗೆ ಇಳಿಸಬೇಕು ಎಂಬುದು ಒಂದು. ತಾರಸಿಯ ಮೇಲಿನ ಮಾಡನ್ನು ಇನ್ನೊಂದು ಅಂತಸ್ತೆಂದು ಲೆಕ್ಕ ಹಿಡಿಯಬೇಕಾಗುತ್ತದೆ ಎಂಬುದು ಇನ್ನೊಂದು. ಮನೆಯವರು ಸೂರನ್ನು ಕತ್ತರಿಸಿದರು, ಅಂತಸ್ತಿನ ಶುಲ್ಕವನ್ನೂ ಕಟ್ಟಿದರು. ಮರುವರ್ಷದ ಆಷಾಢದಲ್ಲಿ ನಾನು ಹೋದಾಗ ಪಡುವಣ ಗೋಡೆ ಒಳಗಿನಿಂದಲೇ ಕಪ್ಪಗಾಗಿತ್ತು, ಕಿಟಕಿಯ ಚೌಕಟ್ಟು ಉಬ್ಬಿ ಬಾಗಿಲು ಕೂರುತ್ತಿರಲಿಲ್ಲ, ಗೋಡೆಯುದ್ದಕ್ಕೂ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಇಳಿಬಿಟ್ಟಿದ್ದರು.

ಅದೇ ನಕ್ಷೆಯಲ್ಲಿ ಇನ್ನೊಂದು ಸಂಗತಿ ಇತ್ತು. ಮಳೆನೀರು ಇಂಗುಗುಂಡಿ ತೋರಿಸಿದ್ದರೆ ಮಾತ್ರ ನಕ್ಷೆ ಸ್ವೀಕರಿಸುತ್ತಾರೆಂಬ ಕಾರಣಕ್ಕೆ, ಎಲ್ಲ ನಕ್ಷೆಗಳಿಗೂ ಅಂಟಿಸುವ ಸಿದ್ಧ ಚಿತ್ರವೊಂದನ್ನು ನನ್ನ ಕಚೇರಿಯ ಡ್ರಾಫ್ಟ್ಸ್‌ಮನ್ ಅದರಲ್ಲಿಯೂ ಅಂಟಿಸಿದ್ದರು. ಆ ವೃತ್ತ ಬಿದ್ದಿದ್ದುದು ಶೌಚಗುಂಡಿಗೆ ಗುರುತಿಸಿದ್ದ ಜಾಗದ ಮೇಲೆಯೇ. ನಾನೂ ನೋಡಲಿಲ್ಲ, ಪರಿಶೀಲಿಸಿದವರೂ ನೋಡಲಿಲ್ಲ. ಸ್ಥಳದಲ್ಲಿ ಗುಂಡಿ ತೋಡಲೂ ಇಲ್ಲ. ಮನೆಯನ್ನು ಮಳೆಯಿಂದ ಮತ್ತು ಬಿಸಿಲಿನಿಂದ ಕಾಯುವ ಸೂರಿಗೆ ಆಕ್ಷೇಪಣೆ ಬಂತು, ಹಸಿರು ನಿಯಮದ ಹೆಸರಿನಲ್ಲಿ ಬರೆದ ವೃತ್ತಕ್ಕೆ ಒಪ್ಪಿಗೆಯ ಮುದ್ರೆ ಬಿತ್ತು. ಸ್ಥಳೀಯ ಸಂಸ್ಥೆಗಳು ಹಸಿರು ಕಟ್ಟಡ ನಿಯಮಗಳನ್ನು ಅಳವಡಿಸಿಕೊಳ್ಳಬೇಕು ಎಂದು ನಾವು ಹೇಳುವಾಗ ನನ್ನ ಕಣ್ಣ ಮುಂದೆ ಇರುವುದು ಈ ನಕ್ಷೆ.

ಅಧಿಕಾರ ಯಾರದು ಎಂಬುದರಲ್ಲಿ ಗೊಂದಲವಿಲ್ಲ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಗುರುತಿಸಿರುವ 18 ಕಾರ್ಯಗಳ ಪೈಕಿ ಎರಡನೆಯದೇ ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಹಳ್ಳಿಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯು ಆ ಕೆಲಸವನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿದೆ. ಮಹಾನಗರ ಪಾಲಿಕೆಗೆ 1976ರ ಕಾಯ್ದೆ, ಉಳಿದ ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯ್ದೆ, ಯೋಜನಾ ಪ್ರದೇಶಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಮನೆ ಕಟ್ಟುವವನು ತನ್ನ ನಿವೇಶನ ಎಲ್ಲಿದೆ ಎಂಬುದರ ಮೇಲೆ ಈ ಬಾಗಿಲುಗಳ ಪೈಕಿ ಒಂದನ್ನು ತಟ್ಟುತ್ತಾನೆ, ಒಂದೊಂದು ಬಾಗಿಲಿನಲ್ಲಿ ಒಂದೊಂದು ನಮೂನೆ, ಒಂದೊಂದು ಅಳತೆ, ಒಂದೊಂದು ರೂಢಿ. ಕಟ್ಟಡದ ಇಂಧನದ ವಿಷಯ ಬಂದಾಗಲಂತೂ ಅದು ದೆಹಲಿಯ ಅಥವಾ ಬೆಂಗಳೂರಿನ ಬೇರೆ ಯಾವುದೋ ಇಲಾಖೆಯ ವ್ಯವಹಾರವೆಂಬ ಭಾವನೆ ಎಲ್ಲ ಬಾಗಿಲುಗಳಲ್ಲಿಯೂ ಇದೆ.

ಆ ಭಾವನೆಗೆ ಕಾರಣವೂ ಇದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕಟ್ಟಡಗಳಿಗೆ ಇಂಧನ ಸಂಹಿತೆ ಬಂದದ್ದು 2007ರಲ್ಲಿ, ಪರಿಷ್ಕೃತವಾದದ್ದು 2017ರಲ್ಲಿ. ಅದು ಅನ್ವಯಿಸುವುದು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಸಂಪರ್ಕ ಹೊರೆ ಇರುವ ವಾಣಿಜ್ಯ ಕಟ್ಟಡಗಳಿಗೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ಅಂಥವು ಎಷ್ಟಿವೆ? ದೊಡ್ಡ ಆಸ್ಪತ್ರೆ, ಹೋಟೆಲು ಎಂದು ಎಣಿಸಿದರೆ ಬೆರಳು ಮಿಗುತ್ತವೆ. ವಾಸದ ಮನೆಗಳಿಗಾಗಿ 2018ರ ಡಿಸೆಂಬರಿನಲ್ಲಿ ಇಕೋ ನಿವಾಸ್ ಸಂಹಿತೆ ಪ್ರಕಟವಾಯಿತು. ಅದು ಹಿಡಿದುಕೊಂಡದ್ದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳನ್ನು. ನಮ್ಮಲ್ಲಿ ಸಾಮಾನ್ಯವಾಗಿ ಮನೆ ಕಟ್ಟುವುದು 30×40ರ ನಿವೇಶನದಲ್ಲಿ, ಅಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರಿನಲ್ಲಿ. ಹೀಗೆ ದೇಶದ ಸಂಹಿತೆ ಮೇಲಿನಿಂದ ಹಾದುಹೋಗುತ್ತದೆ, ಊರಿನ ಮನೆ ಅದರ ಕೆಳಗೆ ಉಳಿಯುತ್ತದೆ. 2022ರ ತಿದ್ದುಪಡಿಯು ವಾಸದ ಕಟ್ಟಡಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತಂದು, ಮಿತಿಯನ್ನು ತಗ್ಗಿಸಿಕೊಳ್ಳುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿದೆ. ಬಾಗಿಲು ತೆರೆದಿದೆ, ಒಳಗೆ ಹೆಜ್ಜೆಯಿಡುವುದು ಮಾತ್ರ ಸ್ಥಳೀಯ ಸಂಸ್ಥೆಗಳಿಂದಲೇ ಆಗಬೇಕಾದ ಕೆಲಸ.

ಹಾಗಾದರೆ ಏಕರೂಪದ ನಿಯಮ ಎಂದರೆ ಏನು? ಈ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ದೇಶದ ಸಂಹಿತೆಗಳು ಭಾರತವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತವೆ: ಬಿಸಿ ಮತ್ತು ಒಣ, ಬಿಸಿ ಮತ್ತು ತೇವ, ಮಿಶ್ರ, ಸಮಶೀತೋಷ್ಣ, ಶೀತ. ಈ ಐದರಲ್ಲಿ ಅತಿಮಳೆಯ ವಲಯವೆಂದು ಪ್ರತ್ಯೇಕವಾಗಿ ಯಾವುದೂ ಇಲ್ಲ. ಈ ವಿಂಗಡಣೆ ನೋಡುವುದು ಮುಖ್ಯವಾಗಿ ಉಷ್ಣತೆಯನ್ನು ಮತ್ತು ಗಾಳಿಯ ತೇವವನ್ನು. ಆದರೆ ನಮ್ಮ ಜಿಲ್ಲೆಯಲ್ಲಿ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ನಗರಕ್ಕೆ ಅದರ ಒಂದು ಸಣ್ಣ ಪಾಲು. ಆಗುಂಬೆಯ ಮನೆಗೆ ವೈರಿ ಇರಚಲು ಮತ್ತು ಬೂಷ್ಟು. ಶಿವಮೊಗ್ಗದ ಗಾಂಧಿನಗರದಲ್ಲೋ ವಿನೋಬನಗರದಲ್ಲೋ ಇರುವ ತಾರಸಿ ಮನೆಗೆ ವೈರಿ ಏಪ್ರಿಲ್ ತಿಂಗಳ ಬಿಸಿಲು. ಹಗಲೆಲ್ಲ ಕಾದ ಸಿಮೆಂಟು ಚಪ್ಪಡಿ ರಾತ್ರಿ ಹನ್ನೊಂದಾದರೂ ತಲೆಯ ಮೇಲೆ ಬಿಸಿ ಕಾರುತ್ತಿರುತ್ತದೆ. ಈ ಎರಡಕ್ಕೂ ಒಂದೇ ಅಂಕಿಯನ್ನು ಹೇರಿದರೆ ಅದನ್ನು ಏಕರೂಪತೆ ಎನ್ನಲಾಗದು. ನಮೂನೆ ಒಂದೇ ಇರಲಿ, ಪ್ರಶ್ನೆಗಳು ಒಂದೇ ಇರಲಿ, ಪದಗಳ ಅರ್ಥ ಎಲ್ಲ ಕಚೇರಿಗಳಲ್ಲಿಯೂ ಒಂದೇ ಇರಲಿ, ಪರಿಶೀಲಿಸುವ ಕ್ರಮ ಒಂದೇ ಇರಲಿ. ಉತ್ತರದಲ್ಲಿ ಬರೆಯುವ ಅಂಕಿ ಮಾತ್ರ ಮಳೆಯನ್ನು ಮತ್ತು ನೆಲವನ್ನು ಅನುಸರಿಸಲಿ. ಇಡೀ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟನ್ನೇ.

ಸೂರಿನ ಉದಾಹರಣೆಗೇ ಮರಳುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಸೆಟ್‌ಬ್ಯಾಕಿನ ಮೇಲೆ ಚಾಚಬಹುದಾದ ಮಾಡು, ಸಜ್ಜಗಳಿಗೆ 0.75 ಮೀಟರ್ ಎಂಬ ಮಿತಿ ಇಟ್ಟಿದೆ. ಆ ಎರಡೂವರೆ ಅಡಿ ಬಂದದ್ದು ಇಲ್ಲಿಂದ. ಒತ್ತೊತ್ತಾಗಿ ಮನೆಗಳಿರುವ ನಗರದಲ್ಲಿ ಅಕ್ಕಪಕ್ಕದವರ ಗಾಳಿ ಬೆಳಕು ಉಳಿಯಲು, ಬೆಂಕಿ ಹರಡದಿರಲು ಅದು ಬೇಕು. ಕಾಲೆಕರೆ ಜಾಗದ ನಡುವೆ ಒಂಟಿಯಾಗಿ ನಿಂತಿರುವ ಮಲೆನಾಡಿನ ಮನೆಗೆ ಆ ಕಾರಣಗಳಲ್ಲಿ ಯಾವುದೂ ಅನ್ವಯಿಸುವುದಿಲ್ಲ. ಆದ್ದರಿಂದ ಪಕ್ಕದ ಕಟ್ಟಡಕ್ಕೆ ಇಂತಿಷ್ಟು ದೂರವಿದ್ದರೆ ಸೂರು ನಾಲ್ಕು ಅಡಿಯವರೆಗೆ ಚಾಚಬಹುದು, ಮಳೆ ಹೆಚ್ಚಿರುವ ಹೋಬಳಿಗಳಲ್ಲಿ ಮೂರು ಅಡಿಗಿಂತ ಕಡಿಮೆ ಇರಲೇಕೂಡದು ಎಂದು ಬೈಲಾದಲ್ಲಿ ಬರೆಯಬಹುದು. ಒಂದೇ ಸಾಲಿನ ತಿದ್ದುಪಡಿ ಇದು.

ತಾರಸಿಯ ಮೇಲಿನ ಮಾಡಿನ ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು. ಇಕೋ ನಿವಾಸ್ ಸಂಹಿತೆಯ ಪ್ರಕಾರ ಚಾವಣಿಯ ಮೂಲಕ ಶಾಖ ಒಳಗೆ ಬರುವ ಪ್ರಮಾಣವನ್ನು ಸೂಚಿಸುವ ಯು-ಮೌಲ್ಯ 1.2ನ್ನು ಮೀರಬಾರದು. ಏನನ್ನೂ ಹೊದಿಸದ ಆರು ಇಂಚಿನ ಕಾಂಕ್ರೀಟ್ ಚಪ್ಪಡಿಯ ಯು-ಮೌಲ್ಯ 3ಕ್ಕಿಂತ ಹೆಚ್ಚು. ಅಂದರೆ ನಾವು ಸಾಲುಸಾಲಾಗಿ ಹಾಕುತ್ತಿರುವ ಬರಿಯ ತಾರಸಿಗಳು ಮಿತಿಯ ಎರಡು ಪಟ್ಟಿಗೂ ಮೀರಿ ಶಾಖವನ್ನು ಒಳಗೆ ಬಿಡುತ್ತವೆ. ಮಲೆನಾಡಿನ ಜನ ಸೋರುವುದನ್ನು ತಡೆಯಲೆಂದು ತಾವಾಗಿಯೇ ಕಂಡುಕೊಂಡ ಎರಡನೆಯ ಮಾಡು ಚಪ್ಪಡಿಗೆ ಬಿಸಿಲೇ ತಾಗದಂತೆ ನೆರಳು ಕೊಡುತ್ತದೆ, ನಡುವೆ ಗಾಳಿಯಾಡಿದರೆ ಶಾಖವನ್ನು ಅಲ್ಲಿಂದಲೇ ಹೊರಗೆ ಒಯ್ಯುತ್ತದೆ. ಸಂಹಿತೆ ಯಾವ ಉದ್ದೇಶಕ್ಕಾಗಿ ಇದೆಯೋ ಆ ಉದ್ದೇಶವನ್ನು ಜನರೇ ತಮ್ಮ ಖರ್ಚಿನಲ್ಲಿ ನೆರವೇರಿಸಿಕೊಂಡಿರುವಾಗ ಅದನ್ನು ಅಂತಸ್ತೆಂದು ಕರೆದು ಶುಲ್ಕ ವಿಧಿಸುವುದು ನನಗೆ ಬಹಳ ನೋವಿನ ಸಂಗತಿ. ಆದರೆ ಕಚೇರಿಯ ಅಂಜಿಕೆಯೂ ಸುಳ್ಳಲ್ಲ. ಮೊದಲು ಟ್ರಸ್ ನಿಲ್ಲುತ್ತದೆ, ಮರುವರ್ಷ ಸುತ್ತ ಗೋಡೆ ಏಳುತ್ತದೆ, ಮೂರನೆಯ ವರ್ಷ ಅಲ್ಲಿ ಬಾಡಿಗೆದಾರರು ಬರುತ್ತಾರೆ. ಹೀಗಾಗುವುದನ್ನು ನಾನೂ ಕಂಡಿದ್ದೇನೆ. ಅದಕ್ಕಾಗಿ ಪದಕ್ಕೆ ಅರ್ಥ ನಿಗದಿಪಡಿಸಬೇಕು: ಕನಿಷ್ಠ ಎರಡು ಬದಿ ಪೂರ್ತಿ ತೆರೆದಿರುವ, ಅಂಚಿನ ಗೋಡೆ ಮೂರು ಅಡಿ ಮೀರದ, ಶೌಚಾಲಯ ಅಡುಗೆಮನೆಗಳಿಲ್ಲದ ಮಾಡು ಮಳೆಮಾಡು, ಅದು ಅಂತಸ್ತಲ್ಲ. ಶಿವಮೊಗ್ಗದ ಪಾಲಿಕೆಯಿಂದ ಹೊಸನಗರದ ಒಂದು ಸಣ್ಣ ಪಂಚಾಯಿತಿಯವರೆಗೆ ಈ ಒಂದು ವ್ಯಾಖ್ಯೆ ಒಂದೇ ಆಗಿದ್ದರೆ ಎಷ್ಟೋ ನಕ್ಷೆಗಳ ಓಡಾಟ ತಪ್ಪುತ್ತದೆ.

ಕಿಟಕಿಯ ವಿಷಯದಲ್ಲಿ ಮೇಸ್ತ್ರಿಗಳಿಗೆ ಒಂದು ಮಾತು. ಇಕೋ ನಿವಾಸ್ ಸಂಹಿತೆಯು ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಇಂತಿಷ್ಟು ಪಾಲಿರಬೇಕು ಎನ್ನುತ್ತದೆ. ಸಮಶೀತೋಷ್ಣ ವಲಯಕ್ಕೆ ಎಂಟರಲ್ಲಿ ಒಂದು ಪಾಲು, ಬಿಸಿ ಮತ್ತು ತೇವದ ವಲಯಕ್ಕೆ ಆರರಲ್ಲಿ ಒಂದು. ಹತ್ತು ಹನ್ನೆರಡರ ಅಳತೆಯ ಕೋಣೆಯ ಲೆಕ್ಕದಲ್ಲಿ ಇದನ್ನು ಹೇಳಿದರೆ, 120 ಚದರ ಅಡಿಗೆ 15ರಿಂದ 20 ಚದರ ಅಡಿ. ನಾಲ್ಕು ನಾಲ್ಕರ ಕಿಟಕಿ ಇಟ್ಟಿದ್ದೇವೆ, 16 ಅಡಿ ಆಯಿತಲ್ಲ ಎನ್ನಬಹುದು. ಆದರೆ ಈಗ ಎಲ್ಲರೂ ಹಾಕಿಸುವ ಜಾರುವ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ನಿಲ್ಲುವುದರಿಂದ ತೆರೆಯುವುದು ಅರ್ಧ ಮಾತ್ರ, ಎಂಟೇ ಅಡಿ. ರೆಕ್ಕೆ ಬಾಗಿಲಿನ ಹಳೆಯ ಕಿಟಕಿ ಪೂರ್ತಿ ತೆರೆಯುತ್ತಿತ್ತು. ತಪಾಸಣೆಗೆ ಹೋದವರು ಟೇಪು ಹಿಡಿಯಬೇಕಾದದ್ದು ಚೌಕಟ್ಟಿಗಲ್ಲ, ತೆರೆದ ಭಾಗಕ್ಕೆ.

ನೀರಿನ ವಿಷಯದಲ್ಲಿ ಬಯಲುಸೀಮೆಯ ನಿಯಮವನ್ನು ಹಾಗೆಯೇ ತಂದರೆ ಅಪಾಯವೇ ಇದೆ. 2016ರ ಕೇಂದ್ರದ ಮಾದರಿ ಕಟ್ಟಡ ಬೈಲಾ 100 ಚದರ ಮೀಟರಿನಿಂದ ಮೇಲಿನ ನಿವೇಶನಗಳಿಗೆಲ್ಲ ಮಳೆನೀರು ಕೊಯ್ಲು ಬೇಕೆನ್ನುತ್ತದೆ. ಬೆಂಗಳೂರಿನಲ್ಲಿ 2009ರಿಂದ ಅದು ಕಡ್ಡಾಯವಾದದ್ದು ಸರಿಯಾದ ಕೆಲಸ. ಆದರೆ ಗುಡ್ಡದ ಮಗ್ಗುಲನ್ನು ಕಡಿದು ಮಟ್ಟ ಮಾಡಿ, ಹಿಂದೆ ಹದಿನೈದು ಅಡಿಯ ಧರೆ, ಅಂದರೆ ಕಡಿದುಳಿದ ಮಣ್ಣಿನ ಗೋಡೆ, ನಿಲ್ಲಿಸಿಕೊಂಡು ಕಟ್ಟಿದ ಮನೆಯ ಬಳಿ, ಜುಲೈ ತಿಂಗಳಲ್ಲಿ ನೆಲವೇ ನೀರು ಉಗುಳುತ್ತಿರುವಾಗ ಇನ್ನಷ್ಟು ನೀರನ್ನು ಇಂಗಿಸಿದರೆ ಏನಾಗುತ್ತದೆ? ಜಂಬುಮಣ್ಣಿನ ಗಟ್ಟಿ ಪದರದ ಕೆಳಗೆ ಅನೇಕ ಕಡೆ ಬಿಳಿಯ, ನುಣ್ಣನೆಯ ಶೇಡಿಮಣ್ಣು ಇರುತ್ತದೆ. ನೀರು ಕುಡಿದ ಶೇಡಿಮಣ್ಣು ಬಲ ಕಳೆದುಕೊಂಡು ಜಾರುತ್ತದೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ನಮ್ಮಲ್ಲಿಯೂ ಪ್ರತಿ ಮಳೆಗಾಲದಲ್ಲಿ ಧರೆ ಕುಸಿದ ಸುದ್ದಿ ಬರುತ್ತದೆ. ಮಲೆನಾಡಿನ ಇಳಿಜಾರಿಗೆ ಬೇಕಾದದ್ದು ಮಾಡಿನ ನೀರನ್ನು ಸೂರಿನಂಚಿಗೆ ಕಟ್ಟಿದ ದೋಣಿಯಲ್ಲಿ ಹಿಡಿದು ಬೇಸಿಗೆಗೆಂದು ತೊಟ್ಟಿಯಲ್ಲಿ ಸಂಗ್ರಹಿಸುವುದು, ಮಿಕ್ಕದ್ದನ್ನು ಧರೆಯ ಬುಡದಿಂದ ದೂರಕ್ಕೆ ಕಲ್ಲುಕಟ್ಟಿದ ಕಾಲುವೆಯಲ್ಲಿ ಹಳ್ಳ ಸೇರಿಸುವುದು. ಧರೆಗೆ ಎಷ್ಟು ಇಳಿಜಾರು ಕೊಡಬೇಕು, ಎಷ್ಟು ಎತ್ತರಕ್ಕೆ ಮೆಟ್ಟಿಲು ಬಿಡಬೇಕು, ಮನೆಯ ಗೋಡೆ ಅದರಿಂದ ಎಷ್ಟು ದೂರವಿರಬೇಕು ಎಂಬುದು ನಮ್ಮ ಹಸಿರು ನಿಯಮದ ಮೊದಲ ಪುಟದಲ್ಲಿಯೇ ಬರಬೇಕು. ಜೆಸಿಬಿ ಎರಡು ದಿನದಲ್ಲಿ ಕಡಿದದ್ದನ್ನು ಗುಡ್ಡ ಎಂದಿಗೂ ಕಟ್ಟಿಕೊಳ್ಳುವುದಿಲ್ಲ.

ಬಿಸಿನೀರಿಗೂ ಇದೇ ಮಾತು. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರಗಳಲ್ಲಿ ಸೋಲಾರ್ ವಾಟರ್ ಹೀಟರ್ ಒಳ್ಳೆಯದೇ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖ ಕಾಣದ ಹೋಬಳಿಗಳಲ್ಲಿ ಅದನ್ನು ಕಡ್ಡಾಯ ಮಾಡಿದರೆ ಅದರೊಳಗಿನ ವಿದ್ಯುತ್ ಕಾಯಿಲ್ಲೇ ಆ ನಾಲ್ಕು ತಿಂಗಳೂ ಉರಿಯುತ್ತದೆ. ಅಡಿಕೆಯ ಸಿಪ್ಪೆ, ತೆಂಗಿನ ಗರಟ ಉರಿಸುವ, ಹೊಗೆ ಸರಿಯಾಗಿ ಹೊರಹೋಗುವ ಬಚ್ಚಲ ಒಲೆಯನ್ನು ಅಲ್ಲಿ ನಿಯಮವೇ ಒಪ್ಪಿಕೊಳ್ಳಬೇಕು.

ಹೀಗೆ ಹೇಳಿದಾಗ ಹಳೆಯ ತೊಟ್ಟಿಮನೆಗೆ ಹಿಂದಿರುಗಿ ಎಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಾರದು. ಆ ಮನೆಗಳ ಕಂಬ, ತೊಲೆ, ಮುಚ್ಚಿಗೆಗಳಿಗೆ ಬಿದ್ದ ಮರಗಳ ಲೆಕ್ಕ ಹಾಕಿದರೆ ಇಂದು ಹಾಗೆ ಕಟ್ಟಲು ಕಾಡು ಉಳಿದಿಲ್ಲ, ಜಂಬಿಟ್ಟಿಗೆಯ ಕಣಿಗಳೂ ಬರಿದಾಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ, ಸುಡಬೇಕಾಗಿಲ್ಲದ ಇಟ್ಟಿಗೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಅಂಥ ಇಟ್ಟಿಗೆಗೆ ಐಎಸ್ 1725 ಎಂಬ ಭಾರತೀಯ ಮಾನಕವೂ ಇದೆ. ಆದರೂ ಮಣ್ಣಿನ ಇಟ್ಟಿಗೆ ಎಂದು ನಕ್ಷೆಯಲ್ಲಿ ಬರೆದರೆ ಕಚ್ಚಾ ಮನೆ ಎಂದು ಕೇಳುವ ಕಚೇರಿಗಳನ್ನು ನಾನು ನೋಡಿದ್ದೇನೆ. ಮಾನಕದ ಸಂಖ್ಯೆಯನ್ನು ನಮೂನೆಯಲ್ಲಿಯೇ ಅಚ್ಚುಹಾಕಿದರೆ ಆ ಪ್ರಶ್ನೆ ಏಳುವುದಿಲ್ಲ.

ಎಲ್ಲ ಸಂಸ್ಥೆಗಳೂ ಒಟ್ಟಿಗೆ ಬರಬೇಕೆಂದು ಹೇಳುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ನಗರದ ಎಲ್ಲೆಯೊಳಗೆ ನಿಯಮ ಬಿಗಿಯಾಗಿ, ಎಲ್ಲೆಯಾಚೆಗಿನ ಪಂಚಾಯಿತಿಯಲ್ಲಿ ಸಡಿಲವಾಗಿದ್ದರೆ ಕಟ್ಟಡ ಎಲ್ಲೆ ದಾಟುತ್ತದೆ. ಕೆಲವೇ ವರ್ಷಗಳಲ್ಲಿ ಆ ಬಡಾವಣೆ ನಗರದೊಳಗೇ ಸೇರುತ್ತದೆ, ಸಡಿಲ ನಿಯಮದ ಮನೆಗಳ ಚರಂಡಿ, ನೀರು, ರಸ್ತೆಗಳ ಹೊರೆ ನಗರದ ತಲೆಗೇ ಬರುತ್ತದೆ. ಒಬ್ಬರು ಮಾತ್ರ ಒಳ್ಳೆಯ ನಿಯಮ ಮಾಡಿಕೊಂಡರೆ ಅವರಿಗೇ ನಷ್ಟ ಎಂಬ ಭಯ ಇರುವವರೆಗೆ ಯಾರೂ ಮೊದಲ ಹೆಜ್ಜೆ ಇಡುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕಂಡುಕೊಂಡ ದಾರಿ ಗಮನಿಸಬೇಕಾದದ್ದು. ಅಲ್ಲಿ 2011ರಿಂದ ಕಡ್ಡಾಯವಾಗಿರುವ ಹಸಿರು ಕಟ್ಟಡ ಸಂಹಿತೆ ಇಡೀ ರಾಜ್ಯಕ್ಕೆ ಒಂದು ತಳಮಟ್ಟ ನಿಗದಿಪಡಿಸಿ, ಅದರ ಮೇಲೆ ಎರಡು ಮೇಲ್ಮಟ್ಟಗಳನ್ನು ಸಿದ್ಧಪಡಿಸಿಟ್ಟಿದೆ. ಹೆಚ್ಚು ಮಾಡಬಯಸುವ ಊರು ತಾನೇ ಹೊಸದಾಗಿ ಬರೆಯಬೇಕಿಲ್ಲ, ಸಿದ್ಧವಿರುವ ಮೇಲ್ಮಟ್ಟವನ್ನು ಸ್ವೀಕರಿಸಿದರೆ ಸಾಕು. ನಮ್ಮ ಜಿಲ್ಲೆಗೂ ಒಂದು ತಳಮಟ್ಟ, ಅದರ ಮೇಲೆ ಮಳೆ ಹೋಬಳಿಗಳದೊಂದು ಪುಟ, ಇಳಿಜಾರು ನಿವೇಶನಗಳದೊಂದು ಪುಟ, ಬಿಸಿಲಿನ ಪಟ್ಟಣಗಳದೊಂದು ಪುಟ ಇದ್ದರೆ ಸಾಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆ, ಇದನ್ನೆಲ್ಲ ಪರಿಶೀಲಿಸುವವರು ಯಾರು? ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಇದ್ದಾರೆ, ಎಂಜಿನಿಯರ್ ಇಲ್ಲ. ಪಟ್ಟಣ ಪಂಚಾಯಿತಿಯ ಎಂಜಿನಿಯರ್ ಬೆಳಿಗ್ಗೆ ಕುಡಿಯುವ ನೀರಿನ ಪೈಪು ಒಡೆದಲ್ಲಿಗೆ ಓಡಿ, ಮಧ್ಯಾಹ್ನ ಕಾಮಗಾರಿ ಬಿಲ್ಲು ಬರೆದು, ಸಂಜೆ ನಕ್ಷೆಗಳ ಕಟ್ಟು ಬಿಚ್ಚುತ್ತಾರೆ. ಅವರ ಮೇಜಿಗೆ ಇನ್ನೂರು ಪುಟದ ಇಂಗ್ಲಿಷ್ ಸಂಹಿತೆಯನ್ನು ಇಟ್ಟು ಬಂದರೆ ಅದಕ್ಕೆ ನೆರವು ಎಂಬ ಹೆಸರು ಸಲ್ಲದು. ಅವರಿಗೆ ಬೇಕಾಗಿರುವುದು ಕನ್ನಡದಲ್ಲಿ ಅಡಿ ಇಂಚುಗಳಲ್ಲಿ ಬರೆದ, ಹೌದು ಇಲ್ಲ ಎಂದು ಗುರುತು ಹಾಕಬಹುದಾದ, ಹಿಂಬದಿಯಲ್ಲಿ ಚಿತ್ರವಿರುವ ಒಂದು ಹಾಳೆ. ಯು-ಮೌಲ್ಯದ ಲೆಕ್ಕವನ್ನು ಪ್ರತಿ ಮನೆಗೂ ಮಾಡಿಸಬೇಕಾಗಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಹತ್ತೋ ಹನ್ನೆರಡೋ ಬಗೆಯ ಚಾವಣಿ, ಗೋಡೆಗಳಿಗೆ ಒಮ್ಮೆ ಲೆಕ್ಕ ಹಾಕಿ ಒಪ್ಪಿದವುಗಳ ಪಟ್ಟಿ ಕೊಟ್ಟರೆ ಎಂಜಿನಿಯರ್ ಅದರಲ್ಲಿ ಹುಡುಕಿಕೊಳ್ಳುತ್ತಾರೆ. ದೊಡ್ಡ ಕಟ್ಟಡಗಳಿಗೆ ಮಾತ್ರ ಹೊರಗಿನ ಪರಿಣತರ ಪರಿಶೀಲನೆ ಬೇಕು. ತೆಲಂಗಾಣವು ಹೈದರಾಬಾದಿನ ಆನ್‌ಲೈನ್ ಅನುಮತಿ ವ್ಯವಸ್ಥೆಗೆ ಇಂಧನ ಸಂಹಿತೆಯನ್ನು ಜೋಡಿಸಿ, ನೋಂದಾಯಿತ ಪರಿಣತರಿಂದ ಪರಿಶೀಲನೆ ಮಾಡಿಸುವ ಏರ್ಪಾಡು ಮಾಡಿಕೊಂಡಿತು. ನಮ್ಮಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ಊರಿನಲ್ಲಿಯೇ ಇರುವಾಗ ಪರಿಣತರನ್ನು ದೂರದಿಂದ ಕರೆಸುವ ಅಗತ್ಯ ನನಗೆ ಕಾಣುವುದಿಲ್ಲ.

ಸ್ಥಳ ತಪಾಸಣೆ ಎರಡು ಸಲ ಸಾಕು, ಆದರೆ ಸರಿಯಾದ ಹೊತ್ತಿಗೆ ಆಗಬೇಕು: ಧರೆ ಕಡಿದು ಪಾಯ ತೆಗೆದಾಗ ಒಮ್ಮೆ, ಮಾಡು ಏರಿದಾಗ ಇನ್ನೊಮ್ಮೆ. ಮನೆ ಮುಗಿದ ಮೇಲೆ ಹೋದವರಿಗೆ ಬಣ್ಣ ಮಾತ್ರ ಕಾಣುತ್ತದೆ. ಕಟ್ಟಡ ನಕ್ಷೆಯಂತೆ ಮುಗಿದು ವಾಸಕ್ಕೆ ಸಿದ್ಧವಿದೆ ಎಂದು ಕಚೇರಿ ಕೊಡುವ ಸ್ವಾಧೀನ ಪ್ರಮಾಣಪತ್ರ ಇದ್ದರೆ ಮಾತ್ರ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ನಕ್ಷೆಗೂ ಕಟ್ಟಡಕ್ಕೂ ತಾಳೆ ಇರಬೇಕಾದ ಒತ್ತಡ ಹೆಚ್ಚಿದೆ. ಜನರಿಗೆ ತೊಂದರೆ ಕೊಡುವ ನಿಯಮಗಳನ್ನು ಸರಿಪಡಿಸದೆ ಆ ಒತ್ತಡವನ್ನು ಮಾತ್ರ ಹೆಚ್ಚಿಸಿದರೆ, ಸರಿಯಾದ ಸೂರು ಇಟ್ಟವನಿಗೆ ದೀಪ ಸಿಗದೆ ಹೋಗುತ್ತದೆ.

ಇದನ್ನು ಎಲ್ಲಿ ಕೂತು ತೀರ್ಮಾನಿಸಬೇಕು? ಪಾಲಿಕೆಯ ಸದಸ್ಯರೂ ಪಂಚಾಯಿತಿಯ ಸದಸ್ಯರೂ ಒಂದೇ ಮೇಜಿನ ಸುತ್ತ ಕೂರುವ ವೇದಿಕೆಯೊಂದನ್ನು ಸಂವಿಧಾನವೇ ಕೊಟ್ಟಿದೆ, ಅದು 243ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾಗಿ ಬರಬೇಕಾದವರು. ಅಲ್ಲಿ ಕರಡು ಒಪ್ಪಿಗೆಯಾಗಿ, ನಂತರ ಪ್ರತಿ ಸಂಸ್ಥೆಯೂ ತನ್ನ ಸಾಮಾನ್ಯ ಸಭೆಯಲ್ಲಿ ಅದನ್ನು ಬೈಲಾ ತಿದ್ದುಪಡಿಯಾಗಿ ಮಂಡಿಸಿ ಸರ್ಕಾರದ ಅನುಮೋದನೆಗೆ ಕಳಿಸಬಹುದು. ಮಲೆನಾಡಿನಲ್ಲಿ ಕಟ್ಟಡದ ಕೆಲಸ ಹಿಡಿಯುವುದು ದೀಪಾವಳಿ ಕಳೆದು ನೆಲ ಆರಿದ ಮೇಲೆ. ನಕ್ಷೆಗಳು ಕಚೇರಿಗೆ ಬರತೊಡಗುವುದು ನವರಾತ್ರಿಯ ಆಸುಪಾಸಿನಲ್ಲಿ. ಮಳೆಮಾಡಿನ ವ್ಯಾಖ್ಯೆ, ಸೂರಿನ ಅಳತೆ, ಧರೆಯ ಇಳಿಜಾರು, ಈ ಮೂರನ್ನಾದರೂ ಶ್ರಾವಣದ ಸಭೆಗಳ ಕಾರ್ಯಸೂಚಿಗೆ ಸೇರಿಸಬೇಕೆಂದು ಇಲ್ಲಿರುವ ಸದಸ್ಯರನ್ನು ಕೇಳಿಕೊಳ್ಳುತ್ತೇನೆ. ಹಾಳೆಯ ಕರಡನ್ನು ಚಿತ್ರಗಳ ಸಮೇತ ಸಿದ್ಧಪಡಿಸಿ ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಮೇಸ್ತ್ರಿಗಳು ಅದರಲ್ಲಿ ತಮಗೆ ತಪ್ಪು ಕಂಡಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಹಿಂದಿರುಗಿಸಬೇಕು.